ಅರಸರ ಸಾಲಿನ ಮೇಲೊಂದು ಸಾಲು

"ನಮಗೆ ಬಾರದ ವಿದ್ಯೆ ಯಾವುದಿದೆ?" ಎಂದು ಗುಮ್ಮನದುರ್ಗದ ಬಂಕರಸರು ತುಂಬಿದ ಸಭೆಯಲ್ಲಿ ಕೇಳಿದರು. ಸಭಿಕರು ಮನಸ್ಸಿನಲ್ಲೇ ಎಣಿಸತೊಡಗಿದರು. ಪಟ್ಟಿ ಉದ್ದವಿತ್ತು.

ಅರಮನೆಯಲ್ಲಿ ಒಂದು ಕಂಪ್ಯೂಟರಿತ್ತು. ಅದು ಎಲ್ಲಿಂದ ಬಂತೆಂದು ಕೇಳುವವರು, ಅರಸರು ಎಲ್ಲಿಂದ ಬಂದರೆಂದು ಎಂದೂ ಕೇಳಿದವರಲ್ಲ. ಅದರೊಳಗೆ ಆಸ್ಥಾನದ ಸೋಮಾಚಾರಿ ಸಿ ಎಂಬ ಕಂಪ್ಯೂಟರ್ ಭಾಷೆಯಲ್ಲಿ ಬರೆದ ಪಗಡೆಯಾಟ. ದಾಳ ಉರುಳಿಸುವುದು ಯಂತ್ರವೇ. ಆದರೆ ಆಟ ಶುರುವಾದಾಗಲೆಲ್ಲ ಬೀಳುತ್ತಿದ್ದದ್ದು ಅದೇ ಆರು, ಅದೇ ಮೂರು, ಅದೇ ಒಂದು. ಸಂಜೆ ಆಡಲು ಬರಲಿದ್ದ ನೆರೆರಾಜ್ಯದ ಅರಸರು ಇದನ್ನು ಕಂಡರೆ ಮೋಸ ಎನ್ನದೆ ಬಿಡುತ್ತಿರಲಿಲ್ಲ.

"ಗಡಿಯಾರದ ಹೊತ್ತನ್ನೇ ಬೀಜವಾಗಿ ಕೊಟ್ಟರೆ ದಾಳ ಪ್ರತಿಸಲ ಬೇರೆ ಬೀಳುತ್ತದೆ. ಆ ಬೀಜ ಬಿತ್ತುವ ಎಸ್‌ರ‍್ಯಾಂಡ್ ಎಂಬ ಒಂದು ಸಾಲು ಸಾಕು, ಪ್ರಭು" ಎಂದು ಸೋಮಾಚಾರಿ ಬಾಯಿಬಿಟ್ಟದ್ದೇ ತಪ್ಪಾಯಿತು. ಅರಸರು ಅವನನ್ನು ಎಬ್ಬಿಸಿ ತಾವೇ ಕೂತು, ಆ ಸಾಲನ್ನು ಎಲ್ಲದಕ್ಕಿಂತ ಮೇಲೆ ಬರೆದರು. ಅರಸರ ಬರಹ ಇನ್ನೆಲ್ಲಿರಬೇಕು?

ಬರೆದದ್ದನ್ನು ಓದಿ ಯಂತ್ರಕ್ಕೆ ತಿಳಿಸುವ ಕಂಪೈಲರ್ ಪರದೆ ತುಂಬ ತಪ್ಪುಗಳನ್ನು ಕಾರಿತು.

"ಯಂತ್ರಕ್ಕೆ ರಾಜಭಕ್ತಿಯಿಲ್ಲ!" ಅರಸರು ಗುಡುಗಿದರು. "ಆಚಾರೀ, ನೆರೆಯ ಅರಸರು ಬರುವಷ್ಟರಲ್ಲಿ ಸರಿಮಾಡು. ನಮ್ಮ ಅಕ್ಷರ ಅಳಿಸಕೂಡದು. ನಮ್ಮ ಸಾಲಿನ ಮೇಲೆ ಬೇರೊಂದು ಸಾಲು ಕೂರಕೂಡದು. ಆಗದಿದ್ದರೆ ನಿನಗೆ ಗಡೀಪಾರು."

ಸೋಮಾಚಾರಿ ಪರದೆ ನೋಡಿದ. ಯಾವ ಪದ ಏನೆಂದು ಯಂತ್ರಕ್ಕೆ ಮೊದಲೇ ತಿಳಿಸುವ ಸ್ಟಡ್‌ಲಿಬ್, ಟೈಮ್ ಎಂಬ ಹೆಡರುಗಳೆರಡು ಮೇಲಿರಬೇಕು, ಅರಸರ ಸಾಲು ಆಟ ಶುರುವಾಗುವ ಮೇನ್ ಭಾಗದ ಒಳಗೆ ಇಳಿಯಬೇಕು. ಮದ್ದು ಗೊತ್ತಿತ್ತು. ಅದನ್ನು ಹೇಳಿಯೂ ಊರಲ್ಲೇ ಉಳಿಯುವ ಬಗೆ ಗೊತ್ತಿರಲಿಲ್ಲ. ಅವನು ವಿದೂಷಕ ಕೇತಯ್ಯನ ಕಿವಿಯಲ್ಲಿ ಅಷ್ಟನ್ನೂ ಉಸುರಿದ.

ಕೇತಯ್ಯ ಎಲೆಯಡಿಕೆ ದವಡೆಗೆ ಸರಿಸಿದ. "ಪ್ರಭು, ತಾವು ಸಭೆಗೆ ಬರುವಾಗ ಮುಂದೆ ಇಬ್ಬರು ನಡೆಯುತ್ತಾರಲ್ಲ, ಎಂಥ ಸೊಕ್ಕು ಅವರಿಗೆ!"

"ಹುಚ್ಚಪ್ಪ, ಅವರು ಪರಾಕು ಹೇಳುವವರು. ಬರುತ್ತಿರುವುದು ನಾವೆಂದು ಮೊದಲೇ ಕೂಗದಿದ್ದರೆ ಜನಕ್ಕೆ ತಿಳಿಯುವುದು ಹೇಗೆ?"

"ಹೋಗಲಿ. ಬಾಗಿಲ ಚೌಕಟ್ಟು ತಮ್ಮ ತಲೆಯ ಮೇಲಿರುತ್ತದಲ್ಲ, ಅದನ್ನಾದರೂ ಕೀಳಿಸಬಾರದೆ?"

"ಕೀಳಿಸಿ? ನಾವೇನು ಹೆಂಚು ತೆಗೆದು ಒಳಗೆ ಇಳಿಯಬೇಕೇನೋ?"

"ಕೇಳಿಸಿತೇನೋ ಆಚಾರಿ? ಅಪ್ಪಣೆಯಾಯಿತು" ಎಂದ ಕೇತಯ್ಯ. "ಪರಾಕಿನವರಿಬ್ಬರನ್ನು ಮುಂದೆ ನಿಲ್ಲಿಸು. ಎಸ್‌ರ‍್ಯಾಂಡ್ ಯಾರೆಂದು ಸ್ಟಡ್‌ಲಿಬ್ ಕೂಗಲಿ, ಹೊತ್ತು ಯಾವುದೆಂದು ಟೈಮ್ ಕೂಗಲಿ. ಆಮೇಲೆ ಮೇನ್ ಬಾಗಿಲು. ಅದರೊಳಗೆ ಅರಸರ ಸಾಲು. ಬಿಸಿಲಲ್ಲಿ ಹೊರಗೆ ನಿಂತಿದೆ, ಪಾಪ."

ಅರಸರು ಬಾಯಿ ತೆರೆಯುವಷ್ಟರಲ್ಲಿ ಸೋಮಾಚಾರಿ ಬರೆದು ಮುಗಿಸಿದ್ದ. ಕಂಪೈಲರ್ ತುಟಿಪಿಟಕ್ಕೆನ್ನಲಿಲ್ಲ. ಮೊದಲ ಸಲ ಆಡಿಸಿದಾಗ ಐದು, ಎರಡು. ಮತ್ತೆ ಆಡಿಸಿದಾಗ ಒಂದು, ನಾಲ್ಕು.

ಅರಸರಿಗೆ ಸಂತೋಷವಾಯಿತು. ಅದರ ಬೆನ್ನಿಗೇ ಸಿಟ್ಟೂ ಬಂತು. ಗಡೀಪಾರಿನ ಅಪ್ಪಣೆಯೊಂದು ಬಳಕೆಯಾಗದೆ ಉಳಿದಿತ್ತು.

"ಹಾಗಾದರೆ ಪರಾಕಿನವರಿಲ್ಲದೆ, ಬಾಗಿಲ ಹೊರಗೆ ನಮ್ಮ ಸಾಲನ್ನು ಒಂಟಿಯಾಗಿ ನಿಲ್ಲಿಸಿದವನು ಯಾವನು? ಅವನನ್ನು ಈಗಲೇ ಗಡಿ ದಾಟಿಸಿ!"

ಸಭೆ ನೆಲ ನೋಡಿತು. ಸೋಮಾಚಾರಿ ಕಣ್ಣು ಮುಚ್ಚಿಕೊಂಡ.

ಕೇತಯ್ಯ ಕೈಮುಗಿದ. "ಆಗಲಿ ಪ್ರಭು. ಆದರೆ ಹೊರಡುವಾಗಲಾದರೂ ಮುಂದೆ ಪರಾಕಿನವರನ್ನು ಕರೆದುಕೊಂಡು ಹೋಗಿ."

ಅರಸರು ಪರದೆಯ ಮೇಲಿನ ತಮ್ಮದೇ ಸಾಲನ್ನು ನೋಡಿದರು. ಆಮೇಲೆ ಕಿರೀಟ ಜಾರುವಷ್ಟು ನಕ್ಕು, ಗಡೀಪಾರನ್ನು ರದ್ದು ಮಾಡಿದರು. ಎಲ್ಲರಿಗೂ.