ನಿಡುಗೋಟೆಯ ಹಣೆಯಾನೆ

ನಿಡುಗೋಟೆ ನಗರವನ್ನು ಸುತ್ತಿ ನೋಡಲು ಬರುವವರಿಗೆ ವಿಚಿತ್ರ ವಿಗ್ರಹಗಳಿಗೆ ಕೊರತೆಯಿಲ್ಲ. ಬಸ್ ನಿಲ್ದಾಣದ ಎದುರು ಸೈಕಲ್ ಚಕ್ರಗಳನ್ನು ಬೆಸೆದು ಮಾಡಿದ ನವಿಲು ಇದೆ. ಹಳೇ ಕಚೇರಿಯ ಅಂಗಳದಲ್ಲಿ ಮೂಗು ಹೋದ ಗಾರೆಯ ಸಿಪಾಯಿ ಇದ್ದಾನೆ. ಅವನ ಹೆಗಲ ಮೇಲೆ ಗುಬ್ಬಿ ಗೂಡು ಕಟ್ಟಿ ಎಷ್ಟೋ ಕಾಲವಾಯಿತು. ನೀರಿನ ಟ್ಯಾಂಕಿನ ಬುಡದಲ್ಲಿ ಸಿಮೆಂಟಿನ ಮೀನೊಂದು ಬಾಲದ ಮೇಲೆ ನಿಂತಿದೆ. ಯಾಕೆ ನಿಂತಿದೆಯೋ ಯಾರಿಗೂ ಗೊತ್ತಿಲ್ಲ. ಇವನ್ನೆಲ್ಲ ನೋಡಿ, ನಕ್ಕು, ಫೋಟೊ ತೆಗೆಸಿಕೊಂಡವರು ಕೊನೆಗೆ ಹಣೆಯಾನೆ ಚೌಕಕ್ಕೆ ಬರುತ್ತಾರೆ. ಇಲ್ಲಿ ನಗು ನಿಲ್ಲುತ್ತದೆ. ನಾಲ್ಕು ರಸ್ತೆ ಸೇರುವ ಕಡೆ, ಆಟೋಗಳ ನಡುವೆ, ಕರಿಗಲ್ಲಿನ ಆನೆ ನಿಂತಿದೆ. ಎರಡಾಳು ಎತ್ತರ. ಒಂದೇ ಕಲ್ಲು. ಬೆನ್ನು ಮಾತ್ರ ಆನೆಯ ಬೆನ್ನಿನಂತೆ ದುಂಡಗಿಲ್ಲ, ಹಲಗೆಯಂತೆ ಮಟ್ಟಸವಾಗಿದೆ. ಅದರ ಮೇಲೆ ಚೌಕಾಕಾರದ ಒಂದು ಕುಳಿ. ಏನನ್ನೋ ಹೊರಲೆಂದೇ ಮಾಡಿದ ಬೆನ್ನು. ಆದರೆ ಅದು ಏನನ್ನೂ ಹೊತ್ತಿಲ್ಲ. ಎಡ ಮುಂಗಾಲಿನಲ್ಲಿ, ಮಂಡಿಗಿಂತ ತುಸು ಮೇಲೆ, ಅಂಗೈ ಅಗಲದ ಜಾಗ ಕನ್ನಡಿಯಂತೆ ನುಣುಪಾಗಿ, ಒಳಕ್ಕೆ ಸವೆದಿದೆ. ಉಳಿಯಿಂದ ಆದದ್ದಲ್ಲ. ಮನುಷ್ಯರ ಹಣೆ ತಾಗಿ ತಾಗಿ ಆದದ್ದು.

ಹಿಂದೆ ಒಮ್ಮೆ ಈ ಊರನ್ನು ಕೆಂಚಪ್ಪನಾಯಕ ಎಂಬ ಪಾಳೆಯಗಾರ ಆಳುತ್ತಿದ್ದ ಎನ್ನುತ್ತಾರೆ. ಅವನ ಕಾಲದಲ್ಲಿ ಬೈರೋಜ ಎಂಬ ಶಿಲ್ಪಿಯಿದ್ದ. ಕೆತ್ತುವುದರಲ್ಲಿ ಅವನನ್ನು ಮೀರಿಸುವವರು ಒಬ್ಬಿಬ್ಬರು ಇದ್ದಿರಬಹುದು. ಕಲ್ಲು ಕೇಳುವುದರಲ್ಲಿ ಇರಲಿಲ್ಲ. ಗಣಿಯಿಂದ ಎದ್ದ ಬಂಡೆಗೆ ಮರದ ಕೊಡತಿಯಿಂದ ಒಂದು ಪೆಟ್ಟು ಹಾಕುತ್ತಾರೆ. ಕಲ್ಲು ಗಟ್ಟಿಯಿದ್ದರೆ ಗಂಟೆಯಂತೆ ನಾದ ಬಿಡುತ್ತದೆ. ಒಳಗೆ ಬಿರುಕಿದ್ದರೆ ಒಡಕು ಮಡಕೆಯ ಸದ್ದು. ಆ ಸದ್ದನ್ನು ತೂಗಿ ನೋಡುವುದೇ ಕಲ್ಲು ಕೇಳುವುದು. ಊರಿನ ಸೇತುವೆಯ ಚಪ್ಪಡಿ, ಬಾವಿಯ ಕಟ್ಟೆ, ಮನೆಯ ಹೊಸ್ತಿಲು, ಯಾವುದೂ ಬೈರೋಜ ಕೇಳದೆ ನೆಲ ಮುಟ್ಟುತ್ತಿರಲಿಲ್ಲ. ಗಣಿಗೆ ಒಂದು ರೂಢಿಯಿತ್ತು. ಪೆಟ್ಟು ಬಿದ್ದಮೇಲೆ ಓಜ, ಅಂದರೆ ಹಿರಿಯ ಶಿಲ್ಪಿ, ಬಾಯಿ ಬಿಡುವವರೆಗೆ ಯಾರೂ ಮಾತಾಡಬಾರದು. ಓಜ ಹೇಳಿದ ಮೇಲೆ ಯಾರೂ ಎದುರಾಡಬಾರದು. ನೂರಾರು ಕಲ್ಲು ಹೀಗೆ ಆಯ್ದು ಬಂದವು. ಒಂದೂ ಕೈಕೊಡಲಿಲ್ಲ.

ಆದರೆ ಐವತ್ತು ವರ್ಷ ಉಳಿಯ ಸದ್ದು ಉಂಡ ಕಿವಿ ಮೆಲ್ಲಮೆಲ್ಲಗೆ ಮುಚ್ಚಿಕೊಂಡಿತು. ಮೊದಲು ಹಕ್ಕಿಯ ದನಿ ಹೋಯಿತು. ಆಮೇಲೆ ಮಳೆಯ ಸದ್ದು. ಕೊನೆಗೆ ಕೊಡತಿಯ ಪೆಟ್ಟು. ಬೈರೋಜ ಯಾರಿಗೂ ಹೇಳಲಿಲ್ಲ. ಹೇಳುವುದು ಹೇಗೆ? ಕಲ್ಲು ಕೇಳುವವ ಎಂಬುದು ಅವನ ಕೆಲಸವಷ್ಟೇ ಆಗಿರಲಿಲ್ಲ, ಹೆಸರೇ ಅದಾಗಿತ್ತು. ಅವನು ಬೇರೆ ದಾರಿ ಹಿಡಿದ. ಪೆಟ್ಟು ಬಿದ್ದಾಗ ಯಲ್ಲಬೋವಿಯ ಮುಖ ನೋಡುತ್ತಿದ್ದ. ಯಲ್ಲಬೋವಿ ಗಣಿಯಲ್ಲಿ ಬಂಡೆ ಎಬ್ಬಿಸುವವರ ಯಜಮಾನ, ಹುಟ್ಟಿದಾಗಿನಿಂದ ಕಲ್ಲಿನ ನಡುವೆ ಇದ್ದವನು. ಅವನ ಮುಖ ಅರಳಿದರೆ ಬೈರೋಜ ಗಟ್ಟಿ ಎನ್ನುತ್ತಿದ್ದ. ಹುಬ್ಬು ಗಂಟಾದರೆ ಬೇಡ ಎನ್ನುತ್ತಿದ್ದ. ಎರಡು ವರ್ಷ ಹೀಗೆಯೇ ನಡೆಯಿತು.

ಆಗ ನಾಯಕ ಕೋಟೆಗೆ ಹೊಸ ಹೆಬ್ಬಾಗಿಲು ಕಟ್ಟಿಸಲು ಮನಸ್ಸು ಮಾಡಿದ. ಬಾಗಿಲ ಮೇಲಿನ ಕಲ್ಲುತೊಲೆಯ ಒಂದು ತುದಿ ಕೋಟೆಯ ಗೋಡೆಯ ಮೇಲೆ ಕೂರಬೇಕು. ಇನ್ನೊಂದು ತುದಿಗೆ ಕಂಬ ಬೇಡ, ಆನೆ ಹೊರಲಿ ಎಂದ. ಅಂಥ ಬಾಗಿಲು ಸುತ್ತಿನ ಸೀಮೆಯಲ್ಲಿ ಎಲ್ಲೂ ಇರಲಿಲ್ಲ. ಯಲ್ಲಬೋವಿಯ ಜನ ಮನೆಯಷ್ಟು ದೊಡ್ಡ ಬಂಡೆ ಎಬ್ಬಿಸಿದರು. ಬೈರೋಜ ಕೊಡತಿ ಎತ್ತಿ ಹೊಡೆದ. ಬೋವಿಯ ಮುಖ ನೋಡಿದ. ಯಲ್ಲಬೋವಿಗೆ ಆ ಸದ್ದು ಯಾಕೋ ಹಿಡಿಸಲಿಲ್ಲ. ನೀರು ತುಂಬಿದ ಕೊಡಕ್ಕೆ ಹೊಡೆದಂತಿತ್ತು. ತನ್ನ ಕಿವಿಯನ್ನು ತಾನೇ ನಂಬದೆ ಅವನು ಓಜನ ಮುಖ ನೋಡಿದ. ಓಜ ಶಾಂತವಾಗಿ ನಿಂತಿದ್ದ. ಓಜನಿಗೇ ಚಿಂತೆಯಿಲ್ಲದ ಮೇಲೆ ತನಗೇನು ಎಂದುಕೊಂಡು ಬೋವಿ ನಿರಾಳವಾಗಿ ನಕ್ಕ. ಆ ನಗು ಕಂಡು ಬೈರೋಜ ಹೇಳಿದ, “ಗಟ್ಟಿ ಕಲ್ಲು.”

ನಲವತ್ತು ದಿನ ಉರುಳೆಗಳ ಮೇಲೆ ಬಂಡೆ ಊರಿಗೆ ಬಂತು. ಒಂದು ವರ್ಷ ಕೆತ್ತಿದರು. ಕೊನೆಯ ವಾರ ತಿಕ್ಕಿ ಮೆರುಗು ಕೊಟ್ಟರು. ಅಷ್ಟು ದಿನ ಕಲ್ಲುಪುಡಿ ಮೆತ್ತಿಕೊಂಡಿದ್ದ ಆನೆ ಆಗ ಕರ್ರಗೆ ಹೊಳೆಯಿತು. ನೋಡಿದವರು ಒಂದು ಹೆಜ್ಜೆ ಹಿಂದೆ ಸರಿಯುತ್ತಿದ್ದರಂತೆ, ಎಲ್ಲಿ ಸೊಂಡಿಲು ಎತ್ತುತ್ತದೋ ಎಂದು.

ತೊಲೆ ಏರಿಸುವ ಹಿಂದಿನ ದಿನ ಬೆಳಿಗ್ಗೆ ಬೈರೋಜ ರೊಟ್ಟಿ ತಿನ್ನುತ್ತಿದ್ದ. ಹೆಂಡತಿ ನಾಗವ್ವ ಬಂದು ಎದುರಿಗೇ ಕೂತಳು. ತುಟಿ ಕಾಣುವ ಹಾಗೆ ನಿಧಾನವಾಗಿ ಮಾತಾಡಿದಳು.

“ಮೂರು ವರ್ಷದಿಂದ ನಿಮ್ಮ ಬೆನ್ನ ಹಿಂದೆ ನಿಂತು ಬಯ್ತಾ ಇದ್ದೀನಿ. ಒಂದು ಸಲನಾದ್ರೂ ತಿರುಗಿ ನೋಡಿದ್ರಾ? ಮೊದಮೊದಲು, ವಯಸ್ಸಾಯ್ತು, ಒಳ್ಳೆಯವರಾದ್ರು ಅಂದ್ಕೊಂಡೆ.”

ಬೈರೋಜ ತುತ್ತು ಕೆಳಗಿಟ್ಟ.

“ಊರಿಗೆ ಹೇಳಲ್ಲ, ಹೆದರಬೇಡಿ. ಒಂದೇ ಕೇಳ್ತೀನಿ. ಆ ಆನೆ ಕಲ್ಲನ್ನ ನೀವು ಕೇಳಿದ್ರೋ, ಇಲ್ಲಾ ಬರೀ ನೋಡಿದ್ರೋ?”

ಅವನು ತಟ್ಟೆಯನ್ನು ಪಕ್ಕಕ್ಕೆ ಸರಿಸಿದ.

“ನಾಳೆಯಿಂದ ಆ ತೊಲೆ ಕೆಳಗೆ ಇಡೀ ಊರು ಓಡಾಡ್ತದೆ. ಮಜ್ಜಿಗೆ ಕೊಡ ಹೊತ್ತು ನಾನೂ ಓಡಾಡ್ತೀನಿ,” ಎಂದು ನಾಗವ್ವ ಎದ್ದು ಹೋದಳು.

ಮಧ್ಯಾಹ್ನ ಕೆಲಸದವರೆಲ್ಲ ಹುಣಸೆಮರದ ನೆರಳಿನಲ್ಲಿ ಮಲಗಿದ್ದರು. ಬೈರೋಜ ಒಬ್ಬನೇ ಆನೆಯ ಬಳಿ ಹೋದ. ಕೊಡತಿಯಿಂದ ಹೊಟ್ಟೆಗೆ ಹೊಡೆದ. ಏನೂ ಇಲ್ಲ. ಮತ್ತೆ ಹೊಡೆದ. ಕೈಗೆ ಪೆಟ್ಟು ತಾಗಿತು, ಕಿವಿಗೆ ತಾಗಲಿಲ್ಲ. ತಾನು ಕೆತ್ತಿದ ಕಲ್ಲು ತನ್ನೊಡನೆ ಮಾತು ಬಿಟ್ಟಿದೆ ಎನ್ನಿಸಿತು. ಸುಸ್ತಾಗಿ ಎಡ ಮುಂಗಾಲಿಗೆ ಹಣೆ ಒರಗಿಸಿ ನಿಂತ. ಕೈ ಸುಮ್ಮನಿರದೆ ಇನ್ನೊಮ್ಮೆ ಬಡಿಯಿತು. ಆಗ ಕೇಳಿತು. ಕಿವಿಯಲ್ಲಲ್ಲ, ತಲೆಯ ಎಲುಬಿನಲ್ಲಿ. ಮೂರು ವರ್ಷದ ಮೇಲೆ ಮೊದಲ ಸದ್ದು. ಕಲ್ಲಿನ ನಾದ ಪಾದದಿಂದ ಎದ್ದು ಮಂಡಿಗೆ ಬಂದು, ಮಂಡಿಯಿಂದ ಹೆಗಲಿಗೆ ಹತ್ತುವುದು ಅವನಿಗೆ ತಿಳಿಯಿತು. ಕಣ್ಣಲ್ಲಿ ನೀರು ಬಂತು. ಮರುಕ್ಷಣ ನಾದ ಹೆಗಲಿನಲ್ಲಿ ನಿಂತುಹೋಯಿತು. ಅಲ್ಲಿಂದಾಚೆ ಒಡಕು ಮಡಕೆ. ಹತ್ತು ಸಲ ಹೊಡೆದ. ಹತ್ತು ಸಲವೂ ಅಲ್ಲೇ ನಿಂತಿತು.

ಮರುದಿನ ಊರೆಲ್ಲ ಸೇರಿತ್ತು. ನೆರೆಸೀಮೆಯ ನಾಯಕರೂ ಬಂದಿದ್ದರು. ಮಣ್ಣಿನ ಏರಿಯ ಮೇಲೆ ತೊಲೆಯನ್ನು ಎಳೆದು ತಂದಿದ್ದರು. ಅರವತ್ತು ಆಳುಗಳು ಹಗ್ಗ ಹಿಡಿದು ನಿಂತಿದ್ದರು. ಜೋಯಿಸ ಮುಹೂರ್ತ ಬಂತೆಂದು ಕೈ ಎತ್ತುವಷ್ಟರಲ್ಲಿ ಬೈರೋಜ ಏರಿಯ ಅಡಿಯಲ್ಲಿ ಅಡ್ಡ ನಿಂತ.

“ಎಳೆಸಬೇಡಿ ದೊರೆ. ಕಲ್ಲು ಒಡಕು.”

“ಗಟ್ಟಿ ಅಂದವರು ಯಾರು?” ಎಂದ ಪೀಠದ ಮೇಲಿದ್ದ ನಾಯಕ.

ತುಟಿ ನೋಡಿ ಬೈರೋಜ ಉತ್ತರ ಕೊಟ್ಟ. “ನಾನೇ. ಆಗ ನನಗೆ ಕೇಳಿಸಲಿಲ್ಲ. ಈಗಲೂ ಕೇಳಿಸುವುದಿಲ್ಲ. ನಾನು ಕಿವುಡ.”

ಜನ ಗುಜುಗುಟ್ಟಿತು. ಹಗ್ಗ ಹಿಡಿದವರಲ್ಲಿ ಒಬ್ಬ ಕಿಸಕ್ಕನೆ ನಕ್ಕ. ನಾಯಕನ ಮುಖ ಕೆಂಪಾಯಿತು. ನೆರೆಯವರ ಎದುರು ತಲೆ ತಗ್ಗಿಸುವುದೆಂದರೆ ಪಾಳೆಯಗಾರನಿಗೆ ಸಾವಿದ್ದಂತೆ.

“ಕಿವುಡನ ಮಾತು ಕೇಳಿ ಕಟ್ಟಿದೆ. ಈಗ ಕಿವುಡನ ಮಾತು ಕೇಳಿ ನಿಲ್ಲಿಸಲೋ?”

“ಆನೆಗೆ ನೀರು ಹೊಯ್ಯಿಸಿ. ಒಣಗುವವರೆಗೆ ಕಾಯಿರಿ. ಗೆರೆ ಕಾಣದಿದ್ದರೆ ತೊಲೆ ಏರಿಸಿ, ನನ್ನನ್ನು ಅದರ ಕೆಳಗೆ ನಿಲ್ಲಿಸಿ.”

ಮುಹೂರ್ತ ಮೀರುತ್ತದೆ ಎಂದ ಜೋಯಿಸ. ನಾಯಕ ಅವನ ಕಡೆ ನೋಡಲಿಲ್ಲ. ಮೊದಲ ಕೊಡ ತಂದು ಹೊಯ್ದವಳು ನಾಗವ್ವ ಎನ್ನುತ್ತಾರೆ. ಆಮೇಲೆ ಹೆಂಗಸರೆಲ್ಲ ತಂದರು. ನೂರು ಕೊಡ ನೀರು ಆನೆಯ ಮೇಲೆ ಸುರಿಯಿತು. ಸಾವಿರಾರು ಜನ ಬಿಸಿಲಿನಲ್ಲಿ ನಿಂತು ಒಂದು ಕಲ್ಲು ಒಣಗುವುದನ್ನು ನೋಡಿದ್ದು ಅದೇ ಮೊದಲು. ಅಂಥದ್ದು ಮತ್ತೆ ನಡೆದದ್ದೂ ಇಲ್ಲ. ಮೊದಲು ಬೆನ್ನು ಒಣಗಿ ಬಣ್ಣ ತುಸು ತಿಳಿಯಾಯಿತು. ನೆತ್ತಿ ಒಣಗಿತು, ಕಿವಿ ಒಣಗಿತು. ಸೊಂಡಿಲಿನ ತುದಿಯಿಂದ ಕೊನೆಯ ಹನಿ ಬಿತ್ತು. ಹೊಟ್ಟೆ ಒಣಗಿತು. ಕಾಲುಗಳೂ ಒಣಗಿದವು. ಒಂದು ಗೆರೆ ಉಳಿಯಿತು. ಕೂದಲೆಳೆಯಷ್ಟು ಸಣ್ಣದು, ಕಪ್ಪನೆಯದು. ಎಡ ಹೆಗಲಿನಿಂದ ಹೊರಟು, ಪಕ್ಕೆಯನ್ನು ಹಾದು, ಬೆನ್ನಿನ ಮೇಲೆ ತೊಲೆ ಕೂರಬೇಕಾದ ಕುಳಿಯೊಳಗೆ ಇಳಿದಿತ್ತು. ಬಿರುಕಿನೊಳಗೆ ಹೊಕ್ಕ ನೀರು ಒಣಗಿರಲಿಲ್ಲ.

ಹಗ್ಗ ಹಿಡಿದ ಅರವತ್ತು ಮಂದಿ ಒಬ್ಬೊಬ್ಬರಾಗಿ ಹಗ್ಗ ಬಿಟ್ಟು ಏರಿಯಿಂದ ಇಳಿದು ಬಂದರು. ತೊಲೆ ಕೂತು ಕಲ್ಲು ಸೀಳಿದ್ದರೆ ಮೊದಲು ಅದರಡಿ ಸಿಗುತ್ತಿದ್ದವರು ಅವರೇ. ಯಲ್ಲಬೋವಿ ಬಂದು ಬೈರೋಜನ ಎದುರು ನಿಂತ.

“ಅವತ್ತೇ ನಂಗೆ ಅನುಮಾನ ಬಂದಿತ್ತು ಓಜಯ್ಯ. ನೀವು ಸುಮ್ಮನಿದ್ರಿ ಅಂತ ನಾನು ನಕ್ಕೆ.”

“ನೀನು ನಕ್ಕೆ ಅಂತ ನಾನು ಗಟ್ಟಿ ಅಂದೆ ಕಣೋ,” ಎಂದ ಬೈರೋಜ.

ನಾಯಕ ಇಬ್ಬರ ಮಾತನ್ನೂ ಕೇಳಿದ. ಪೀಠದಿಂದ ಇಳಿದ. ಮುಂಡಾಸು ತೆಗೆದು ಪಕ್ಕದವನ ಕೈಗೆ ಕೊಟ್ಟ. ಎಡ ಮುಂಗಾಲಿಗೆ ಬಾಗಿ ಹಣೆಯಿಟ್ಟು, ಹೊಡಿ ಎಂದು ಬೈರೋಜನಿಗೆ ಸನ್ನೆ ಮಾಡಿದ. ಬೈರೋಜ ಹೊಡೆದ. ನಾಯಕ ಬಹಳ ಹೊತ್ತು ಹಣೆ ತೆಗೆಯಲಿಲ್ಲ. ಏನು ಕೇಳಿಸಿತೆಂದು ಯಾರಿಗೂ ಹೇಳಲೂ ಇಲ್ಲ. ತಲೆ ಎತ್ತಿದಾಗ ಅವನ ಹಣೆಯ ಮೇಲೆ ಕಲ್ಲಿನ ಗುರುತು ಮೂಡಿತ್ತು. ಎರಡೇ ಮಾತು ಹೇಳಿದನಂತೆ. ಈ ಆನೆಯ ಮೇಲೆ ಯಾರೂ ಯಾವ ಹೊರೆಯನ್ನೂ ಹೊರಿಸಕೂಡದು. ಇನ್ನು ಮುಂದೆ ಕಲ್ಲು ಕೇಳುವಾಗ ಮೊದಲು ಕೂಲಿಯವನು ಹೇಳಬೇಕು, ಕೊನೆಗೆ ಓಜ.

ಅಂದು ಊರಿನ ಜನ ಸಾಲಾಗಿ ನಿಂತು ಒಬ್ಬೊಬ್ಬರೇ ಬಾಗಿ ಆ ಕಾಲಿಗೆ ಹಣೆ ಇಟ್ಟರು. ಸಂಜೆಯವರೆಗೆ ಸಾಲು ಕರಗಲಿಲ್ಲ. ಆನೆಗೆ ಹಣೆಯಾನೆ ಎಂಬ ಹೆಸರು ಬಂದದ್ದು ಹೀಗೆ. ಹೆಬ್ಬಾಗಿಲನ್ನು ಹತ್ತು ಮಾರು ಆಚೆ ಬೇರೆ ಕಂಬದ ಮೇಲೆ ಕಟ್ಟಿದರು. ಬೈರೋಜ ಮತ್ತೆ ಕೊಡತಿ ಹಿಡಿಯಲಿಲ್ಲ. ಹಿಡಿಯಬೇಡ ಎಂದು ಯಾರೂ ಹೇಳಿರಲಿಲ್ಲ, ಅವನೇ ಬಿಟ್ಟ. ದಿನವೂ ಬಂದು ಆನೆಯ ನೆರಳಿನಲ್ಲಿ ಕೂತು ಹಣೆ ಒರಗಿಸುತ್ತಿದ್ದ. ಗಾಡಿಯ ಚಕ್ರ, ದನಗಳ ಗೊರಸು, ಸಂತೆಯ ಗದ್ದಲ, ಎಲ್ಲ ನೆಲದಿಂದ ಕಾಲಿಗೆ ಹತ್ತಿ ಅವನ ತಲೆಗೆ ಬರುತ್ತಿತ್ತು. ಮಜ್ಜಿಗೆ ಮಾರಿ ಹಿಂದಿರುಗುವಾಗ ನಾಗವ್ವ ಆನೆಯ ಆ ಪಕ್ಕದಲ್ಲಿ ನಿಂತು, ಕಲ್ಲಿಗೆ ಬಾಯಿ ತಾಗಿಸಿ ಅವನನ್ನು ಬಯ್ಯುತ್ತಿದ್ದಳಂತೆ. ಈ ಪಕ್ಕದಲ್ಲಿ ಬೈರೋಜ ನಗುತ್ತಿದ್ದನಂತೆ.

ಆ ಹೆಬ್ಬಾಗಿಲು ಈಗ ಇಲ್ಲ. ಕೋಟೆಯ ಗೋಡೆಯೂ ಮುಕ್ಕಾಲು ಹೋಗಿದೆ. ಯಾವ ಹೊರೆಯನ್ನೂ ಹೊರದ ಆನೆ ಉಳಿದಿದೆ. ಅದರ ಬೆನ್ನಿನ ಕುಳಿಯಲ್ಲಿ ದೀಪದ ಕಂಬ ನಿಲ್ಲಿಸಬೇಕೆಂದು ಒಮ್ಮೆ ಯಾರೋ ಹೊರಟಿದ್ದರು. ಕಂಬ ಎತ್ತಲು ಬಂದ ಹಮಾಲರು ಕಥೆ ಕೇಳಿ, ಕಂಬವನ್ನು ರಸ್ತೆಯ ಬದಿಗಿಟ್ಟು ಹೋದರು. ಅದು ಇಂದಿಗೂ ರಸ್ತೆಯ ಬದಿಯಲ್ಲೇ ನಿಂತಿದೆ. ಮಾರುಕಟ್ಟೆಯ ಹಮಾಲರು ಮೂಟೆ ಹೊತ್ತು ಆನೆಯ ಮುಂದೆ ಹಾಯುವುದಿಲ್ಲ. ಇಳಿಸಿ, ಹಣೆ ಮುಟ್ಟಿಸಿ, ಮತ್ತೆ ಹೊರುತ್ತಾರೆ. ಊರಿನ ಕಲ್ಲುಕೆಲಸದವರಲ್ಲಿ ಇವತ್ತಿಗೂ ಕೂಲಿಯವನೇ ಮೊದಲು ಬಾಯಿ ಬಿಡುತ್ತಾನೆ. ಬಂದವರು ಬಾಗಿ ಹಣೆ ಇಟ್ಟು ನೋಡಬಹುದು. ಬಸ್ಸು ಹಾದರೆ ಕಲ್ಲು ಗುಂಯ್ ಎನ್ನುತ್ತದೆ. ಮಳೆ ನಿಂತ ಮೇಲೆ ಬಂದರೆ ಇನ್ನೂ ಒಳ್ಳೆಯದು. ಆನೆ ಬೆನ್ನಿನಿಂದ ಕಾಲಿನವರೆಗೆ ಒಣಗುತ್ತದೆ. ಎಡ ಹೆಗಲಿನ ಆ ಗೆರೆ ಮಾತ್ರ ಒದ್ದೆಯಾಗಿ ಉಳಿಯುತ್ತದೆ. ಅದು ಒಣಗುವವರೆಗೆ ಚೌಕದಲ್ಲಿ ಕೆಲವರು ನಿಂತೇ ಇರುತ್ತಾರೆ, ಮಾತಾಡದೆ.