ಹೊಲಿಗೆಗೆ ಬಾಯಿಟ್ಟವಳು

“ಗುರುಗಳೇ, ನಾಳೆಯಿಂದ ಹೊಳೆಯಾಚೆ ಮಠದಲ್ಲಿ ನಾನೊಬ್ಬನೇ ಪಾಠ ಹೇಳಬೇಕು ಅಂತೀರಿ. ತಪ್ಪು ಹೇಳಿಬಿಟ್ರೆ ತಿದ್ದೋರು ಯಾರು? ನೀವೂ ಬಂದುಬಿಡಿ,” ಅಂದ ಶಿಷ್ಯ ಗುರುಶಾಂತ.

ಗುರುಗಳು ಎಲೆಅಡಿಕೆ ಉಗುಳಿ ಬಂದು ಕೂತರು.

“ಅಮೆರಿಕದ ಮೂಡಲ ಕಡಲ ದಡದಲ್ಲಿ ವಬನಾಕಿ ಅನ್ನೋ ಜನ ಇದಾರೆ. ಅವರ ಕತೆಗಳಲ್ಲಿ ಒಬ್ಬ ವೀರ ಬರ್ತಾನೆ. ಅವನ ಹೆಸರು ನನ್ನ ಹಲ್ಲಿಲ್ಲದ ಬಾಯಲ್ಲಿ ಹೊರಳಲ್ಲ, ವೀರ ಅಂತಲೇ ಇಟ್ಕೋ. ಜನಕ್ಕೆ ಬದುಕೋದು ಕಲಿಸಿದವನು ಅವನೇ. ಅಷ್ಟು ಅವರದ್ದು, ಇನ್ನು ಮುಂದೆ ನನ್ನ ಒಗ್ಗರಣೆ. ಅವನು ಎದ್ದು ನಿಂತ್ರೆ ಮೋಡ ಸೊಂಟಕ್ಕೆ ಪಂಚೆ ಥರ ಸುತ್ತಿಕೊಳ್ತಿತ್ತು. ನಗಬೇಡ, ಕಡಿಮೆ ಮಾಡೇ ಹೇಳ್ತಿದೀನಿ.

“ಅವನು ದೋಣಿ ಮಾಡೋದು ಕಲಿಸಿದ. ಮರದ ತೊಗಟೆ ಸುಲಿದು, ಬೇರಿನ ನಾರಲ್ಲಿ ಹೊಲಿದು, ಮರದ ಅಂಟನ್ನ ಬಾಯಲ್ಲಿ ಅಗಿದು ಮೆದು ಮಾಡಿ ಹೊಲಿಗೆ ಮೇಲೆ ಮೆತ್ತೋದು. ಕೊನೆಗೆ ಹೊಲಿಗೆಗೆ ಬಾಯಿಟ್ಟು ಹೀರಿ ನೋಡೋದು. ಗಾಳಿ ಬಂತೋ, ಅಲ್ಲಿ ತೂತಿದೆ ಅಂತ ಅರ್ಥ. ಜನ ಎಲ್ಲಾ ಕಲಿತರು. ಹೀರಿ ನೋಡೋದು ಮಾತ್ರ ಅವನಿಗೇ ಬಿಟ್ಟರು. ಅವನ ಬಾಯಿ ಸೋಕದ ದೋಣಿ ನೀರಿಗೆ ಇಳೀತಿರಲಿಲ್ಲ.

“ಒಂದು ದಿನ ನೀರು ಇಳಿದಾಗ ಒಬ್ಬ ಹೆಂಗಸಿನ ಗಂಡ ಚಿಪ್ಪು ಆರಿಸೋಕೆ ಕಡಲೊಳಗಿನ ಬಂಡೆಗೆ ನಡ್ಕೊಂಡು ಹೋದ. ಅಲ್ಲಿ ಜಾರಿ ಬಿದ್ದು ಕಾಲು ಮುರ್ಕೊಂಡ. ಅಷ್ಟರಲ್ಲಿ ನೀರು ಏರೋಕೆ ಶುರುವಾಯ್ತು. ಆ ಕಡಲು ಏರಿದ್ರೆ ತೆಂಗಿನಮರ ಮುಳುಗುತ್ತೆ, ಬಂಡೆ ಯಾವ ಲೆಕ್ಕ! ಊರಿನ ದೋಣಿಗಳೆಲ್ಲ ಮೀನಿಗೆ ಹೋಗಿದ್ವು. ದಡದಲ್ಲಿ ಇದ್ದದ್ದು ಅವಳದೇ ಹೊಸ ದೋಣಿ. ಅದನ್ನ ಇನ್ನೂ ಹೀರಿ ನೋಡಿರಲಿಲ್ಲ. ಅವಳು ವೀರನ ಹತ್ತಿರ ಓಡಿದಳು.

“‘ಅಪ್ಪಾ, ಬೇಗ ಬಂದು ಹೀರಿ ನೋಡು, ನನ್ನ ಗಂಡ ಮುಳುಗ್ತಾನೆ!’

“ವೀರ ಕಡಲಂಚಲ್ಲಿ ಕೂತು ಬಾಯ್ತುಂಬ ಅಂಟು ಅಗೀತಿದ್ದ. ಅವನು ಅಗಿಯೋ ಸದ್ದಿಗೆ ಗುಡುಗು ಅಂತ ಕರಡಿಗಳು ಗುಹೆ ಸೇರ್ಕೊಂಡಿದ್ವು. ಬಾಯಿ ತೋರಿಸಿ ತಲೆ ಅಲ್ಲಾಡಿಸಿದ.

“‘ಉಗುಳೋ ಮಹರಾಯ! ಬೆಟ್ಟದಷ್ಟು ಬೆಳೆದಿದೀಯ, ಕಷ್ಟಕ್ಕೆ ಒಂದು ಬಾಯಿ ಖಾಲಿ ಇಲ್ಲವಾ ನಿನ್ನ ಹತ್ರ?’

“ಅವನು ಅಗೀತಾನೇ ಇದ್ದ. ಅವಳು ಬೈಕೊಳ್ತಾ ಬಂದು ದೋಣಿ ಮಗುಚಿ, ತಾನೇ ಬಾಯಿಟ್ಟಳು. ಹೊಲಿಗೆಯುದ್ದಕ್ಕೂ ಹೀರ್ತಾ ಹೋದಳು. ಒಂದು ಕಡೆ ಗಾಳಿ ಬಂತು. ಈಗ ಅಂಟು ಬೇಕಲ್ಲ? ಓಡಿ ಹೋಗಿ ಅವನ ಬಾಯಿಗೇ ಕೈ ಹಾಕಿ ಕಿತ್ಕೊಂಡಳು.”

“ಅಂಥ ದೊಡ್ಡವನ ಬಾಯಿ ಅವಳ ಕೈಗೆ ಎಟುಕಿತಾ?”

“ಬಗ್ಗಿದ್ದನಪ್ಪ. ಕತೆ ಹೇಳೋನು ನಾನೋ ನೀನೋ? ತಂದು ಮೆತ್ತಿದಳು, ದೋಣಿ ತಳ್ಳಿದಳು. ಗಂಡನ ಗದ್ದಕ್ಕೆ ನೀರು ಬಂದಿತ್ತು. ಜುಟ್ಟು ಹಿಡಿದು ಒಳಗೆ ಎಳ್ಕೊಂಡಳು. ಅವತ್ತಿಂದ ಅಲ್ಲಿ ಅವರವರ ದೋಣಿಗೆ ಅವರವರದೇ ಬಾಯಿ. ವೀರ ಮಾರನೇ ದಿನ ಊರು ಬಿಟ್ಟು ಹೋದ.”

ಗುರುಶಾಂತನಿಗೆ ಸಮಾಧಾನ ಆಗಲಿಲ್ಲ. “ಅವಳಿಗೆ ಆ ತೂತು ಸಿಗದೇ ಹೋಗಿದ್ರೆ? ಇಬ್ಬರೂ ಮುಳುಗ್ತಿದ್ರು. ಕೂತು ಅಂಟು ಅಗಿಯೋನು ಎಂಥ ವೀರ, ಗುರುಗಳೇ?”

“ಅವಳ ದೋಣಿ ವಾಪಸ್ ದಡ ಮುಟ್ಟೋವರೆಗೂ ಮುಳುಗಿದ್ರೆ ಎತ್ತೋಕೆ ಅಂತ ಅವನ ಒಂದು ಕಾಲು ನೀರೊಳಗೇ ಇತ್ತು ಮಗಾ, ಅದು ಅವಳಿಗೆ ಕಾಣದ ಹಾಗೆ ಕೂತಿದ್ದ, ಅಷ್ಟೇ.”