ಕಪ್ಪು ಹಿಡಿಕೆ

"ಗುರುಗಳೇ, ತನ್ನಲ್ಲಿ ಒಂದು ಕುಂದು ಬಂದಿದೆ ಎಂದು ತನಗೇ ಗೊತ್ತಾದವನು, ಯಾರಿಗೂ ಹೇಳದೆ ಕೆಲಸ ಬಿಟ್ಟು ಪಕ್ಕಕ್ಕೆ ಸರಿಯುವುದೇ ಮರ್ಯಾದೆಯಲ್ಲವೇ?"

ಹೀಗೆ ಕೇಳಿದವನು ಶಾಂತಯ್ಯ. ಮಠದ ಪಾಠಶಾಲೆಯಲ್ಲಿ ಹದಿನೆಂಟು ವರ್ಷಗಳಿಂದ ಮಕ್ಕಳಿಗೆ ಶ್ಲೋಕ ಹೇಳಿಕೊಡುತ್ತಿದ್ದ ಶಿಷ್ಯ. ಯಾವ ಕುಂದು, ಯಾರ ಕುಂದು ಎಂದು ಅವನು ಹೇಳಲಿಲ್ಲ. ಗುರುಗಳೂ ಕೇಳಲಿಲ್ಲ. ಕೂತುಕೋ ಎಂದು ಚಾಪೆ ತೋರಿಸಿ ಈ ಕತೆ ಹೇಳಿದರು.

ಒಬ್ಬ ಬಟ್ಟೆ ವ್ಯಾಪಾರಿ ಹೊಸ ಮನೆ ಕಟ್ಟಿಸಿದ. ಅವನಿಗೆ ತಾಯಿಯಿದ್ದಳು. ನಲವತ್ತು ವರ್ಷಗಳಿಂದ ಆ ಸಂಸಾರದ ಒಲೆ ಅವಳದು. ಪರ ಊರಿನಿಂದ ಮಗನ ಅಂಗಡಿಗೆ ಬಂದವರು ಬಟ್ಟೆ ಕೊಳ್ಳದೆ ಹೋದರೂ ಅವಳ ಕೈಯ ಹುಳಿ ಉಣ್ಣದೆ ಹೋಗುತ್ತಿರಲಿಲ್ಲ. ಆದ್ದರಿಂದ ಹೊಸ ಮನೆಯಲ್ಲಿ ಮೊದಲು ಅಡುಗೆಮನೆ ಸಿದ್ಧವಾಗಲಿ, ಅಮ್ಮನಿಗೆ ಯಾವ ಕೊರತೆಯೂ ಆಗಬಾರದು ಎಂದ ಮಗ. ಒಳ್ಳೆಯ ಮಗ. ಒಳ್ಳೆಯ ಮಕ್ಕಳಿಂದಲೂ ಒಂದು ತೊಂದರೆಯಿದೆ, ಅದನ್ನು ಮುಂದೆ ಹೇಳುತ್ತೇನೆ.

ಬಡಗಿ ಬಂದ. ಗೋಡೆಯುದ್ದಕ್ಕೂ ಕಪಾಟು, ಕಪಾಟಿನ ಕೆಳಗೆ ಡ್ರಾಯರು, ಎಲ್ಲವೂ ಹಾಲಿನ ಬಣ್ಣ. ಹಿಡಿಕೆಗೂ ಅದೇ ಬಣ್ಣವಿರಲಿ, ಹಿಡಿಕೆ ಇದೆಯೆಂದೇ ಗೊತ್ತಾಗಬಾರದು, ಈಗ ಎಲ್ಲ ಮನೆಗಳಲ್ಲೂ ಹೀಗೆಯೇ ಎಂದ ಮಗ. ಹಿಡಿಯುವುದಕ್ಕೆಂದೇ ಇರುವ ವಸ್ತು ಕಣ್ಣಿಗೆ ಬೀಳಬಾರದಂತೆ! ಜನ ಕೈಯಾರೆ ದುಡ್ಡು ಕೊಟ್ಟು ಏನೇನು ಮಾಡಿಸಿಕೊಳ್ಳುತ್ತಾರೋ ನೋಡು.

ಬಡಗಿ ಅದೇ ಹಾಲುಬಣ್ಣದ ಒಂದು ಹಲಗೆಯ ಮೇಲೆ ನಾಲ್ಕು ಬಗೆಯ ಹಿಡಿಕೆ ಕೂರಿಸಿಕೊಂಡು ತಂದಿದ್ದ. ಹಾಲುಬಣ್ಣದ್ದು, ಹಿತ್ತಾಳೆಯದು, ಸ್ಟೀಲಿನದು, ಕಪ್ಪು. ತಾಯಿ ಅದನ್ನು ಕೂತಲ್ಲೇ ನೋಡಲಿಲ್ಲ. ಒಲೆ ಬರುವ ಜಾಗಕ್ಕೆ ಹೋಗಿ ನಿಂತಳು. ಹಲಗೆಯನ್ನು ಡ್ರಾಯರಿನ ಎತ್ತರಕ್ಕೆ ಹಿಡಿದುಕೊಳ್ಳುವಂತೆ ಬಡಗಿಗೆ ಹೇಳಿದಳು. ಕೈಯಲ್ಲಿ ಸೌಟು ಇದ್ದವಳಂತೆ ಎರಡು ಸುತ್ತು ತಿರುವಿ, ಸರಕ್ಕನೆ ಹೊರಳಿ ಕೈ ಚಾಚಿದಳು. ಹಾಲುಬಣ್ಣದ ಹಿಡಿಕೆ ಸಿಗಲೇ ಇಲ್ಲ. ಹಿತ್ತಾಳೆಯದು ಬೆಳಕಿಗೆ ಹೊಳೆದು ಒಂದು ಎರಡಾಗಿ ಕಂಡಿತು, ಕೈ ಹೋಗಿ ಹಲಗೆಗೆ ಬಡಿಯಿತು. ಸ್ಟೀಲಿನದೂ ಅಷ್ಟೇ. ಕಪ್ಪು ಹಿಡಿಕೆ ಮೊದಲ ಸಲಕ್ಕೇ ಅಂಗೈಗೆ ಬಂತು.

"ಇದೇ ಇರಲಿ," ಎಂದಳು.

ಮಗನಿಗೆ ನಗು ಬಂತು. ಅವನ ಸೋದರತ್ತೆ, ಎಂದರೆ ತಾಯಿಯ ನಾದಿನಿ, ಅಲ್ಲೇ ಕೂತಿದ್ದಳು. ಮನೆ ಕಟ್ಟಿಸುವವರಿಗಿಂತ ಮನೆ ನೋಡಲು ಬಂದವರಿಗೆ ಶಾಸ್ತ್ರ ಹೆಚ್ಚು ಗೊತ್ತಿರುತ್ತದೆ. "ಗೃಹಪ್ರವೇಶದ ಮನೆಗೆ ಯಾರಾದ್ರೂ ಕಪ್ಪು ಹಾಕಿಸ್ತಾರಾ ಅತ್ತಿಗೆ? ಅದೂ ಅಡುಗೆಮನೆಗೆ!" ಎಂದಳು.

"ಕಪ್ಪಾದ್ರೆ ಕೊಳೆ ಕಾಣಲ್ಲ," ಎಂದಳು ತಾಯಿ.

ಬಡಗಿ ಸತ್ಯವಂತ. ಸುಮ್ಮನಿರಬಹುದಿತ್ತು, ಇರಲಿಲ್ಲ. "ಇಲ್ಲ ಅಮ್ಮಾವ್ರೇ, ಕಪ್ಪಿನ ಮೇಲೇ ಜಾಸ್ತಿ ಕಾಣೋದು. ಹಿಟ್ಟಿನ ಕೈಯಲ್ಲಿ ಮುಟ್ಟಿದ್ರೆ ಐದು ಬೆರಳೂ ಅಚ್ಚು ಬೀಳುತ್ತೆ," ಎಂದ.

ಅವಳ ನೆಪ ಅಲ್ಲಿಗೆ ಮುಗಿಯಿತು. ಇನ್ನು ಉಳಿದದ್ದು ನಿಜ. ಅದನ್ನು ಅವಳು ಒಂದು ವರ್ಷದಿಂದ ಮುಚ್ಚಿಟ್ಟಿದ್ದಳು. ಹಳೆಯ ಅಡುಗೆಮನೆಯಲ್ಲಿ ನಲವತ್ತು ವರ್ಷದ ರೂಢಿಯೇ ಅವಳಿಗೆ ಕಣ್ಣಾಗಿತ್ತು. ಹೊಸ ಮನೆಯಲ್ಲಿ ಆ ರೂಢಿಯಿಲ್ಲ. ಮಗ ಹೇಳಿದ್ದಕ್ಕೆ ಹೂಂ ಎಂದರೆ ಗೋಡೆ ತಡವಿಕೊಂಡು ನಾಲ್ಕು ದಿನ ಕಳೆಯಬೇಕು, ಐದನೆಯ ದಿನ ಮೊಣಕಾಲು ನೋವೆಂದು ಸುಳ್ಳು ಹೇಳಿ ಒಲೆ ಬಿಡಬೇಕು. ನಿಜ ಹೇಳಿದರೆ ಮನೆಯವರು ಪ್ರೀತಿಯಿಂದಲೇ ಅವಳ ಕೈಯ ಸೌಟು ಕಿತ್ತುಕೊಳ್ಳುತ್ತಾರೆ. ಅವಳಿಗೆ ನಿಜವಾಗಿಯೂ ಹೆದರಿಕೆಯಾಯಿತು. ಆದರೂ ಹೇಳಿದಳು.

"ನನ್ನ ಕಣ್ಣು ಮಂಜಾಗಿದೆ ಕಣೋ. ಡಾಕ್ಟರು ನೋಡಿದ್ದಾರೆ. ಹೋಗಿದ್ದು ಮತ್ತೆ ಬರಲ್ಲವಂತೆ. ದಿನಾ ಔಷಧಿ ಹಾಕ್ಕೊಂಡ್ರೆ ಇರೋದು ಉಳಿಯುತ್ತಂತೆ. ಬಿಳಿ ಮೇಲೆ ಬಿಳಿ ಇದ್ರೆ ನನಗೆ ಬರೀ ಗೋಡೆ. ಕಪ್ಪಿದ್ರೆ ಕಾಣುತ್ತೆ."

ಮಗ ಅತ್ತುಬಿಟ್ಟ. ಕಣ್ಣೊರೆಸಿಕೊಂಡು, "ಇನ್ನು ನೀನು ಒಲೆ ಹತ್ರ ಬರಬೇಡಮ್ಮ. ಅಡುಗೆಯವರನ್ನ ಇಡ್ತೀನಿ. ನೀನು ಕುರ್ಚಿ ಮೇಲೆ ಕೂತು ಹೀಗ್ ಮಾಡಿ ಹಾಗ್ ಮಾಡಿ ಅಂತ ಹೇಳಿದ್ರೆ ಸಾಕು," ಎಂದ. ಒಳ್ಳೆಯ ಮಕ್ಕಳಿಂದ ಆಗುವ ತೊಂದರೆ ಎಂದೆನಲ್ಲ, ಇದೇ ಅದು.

"ನಾನು ಕುರ್ಚಿ ಕೇಳಿದ್ನೇನೋ? ಹ್ಯಾಂಡಲ್ ಕೇಳಿದೆ," ಎಂದಳು ತಾಯಿ. "ಗೃಹಪ್ರವೇಶದ ದಿನದ ಅಡುಗೆ ನಂದು. ಒಂದೇ ಒಂದು ಡ್ರಾಯರು ತಪ್ಪಿ ಎಳೆದ್ರೂ ಮಾರನೇ ದಿನವೇ ಅಡುಗೆಯವರನ್ನ ಇಡು. ಕುರ್ಚಿ ನಾನೇ ತಂದು ಹಾಕ್ಕೋತೀನಿ."

ಮಗ ಒಪ್ಪಿದ. ಕಪ್ಪು ಹಿಡಿಕೆಗಳು ಬಂದವು. ತಾಯಿ ಒಂದು ವಾರ ಅಡುಗೆಮನೆ ಬಿಟ್ಟು ಕದಲಲಿಲ್ಲ. ಒಲೆಯ ಬಲಗಡೆಯ ಮೊದಲ ಡ್ರಾಯರಿಗೆ ಸಾಸಿವೆ, ಎರಡನೆಯದಕ್ಕೆ ಇಂಗು, ಮೆಣಸಿನಕಾಯಿ, ಕೆಳಗಿನದಕ್ಕೆ ಬೇಳೆಗಳು. ಡಬ್ಬಿ ಇಡುವುದು, ತಿರುಗುವುದು, ಎಳೆಯುವುದು. ಹೊಸದಾಗಿ ಅಕ್ಷರ ಕಲಿಯುವವರು ತಿದ್ದುವಂತೆ ತಿದ್ದಿದಳು.

ಗೃಹಪ್ರವೇಶದ ದಿನ ಬಂತು. ಅರವತ್ತು ಎಲೆಯ ಊಟ. ಸೊಸೆ ಹೆಚ್ಚಿಕೊಟ್ಟಳು, ತುರಿದುಕೊಟ್ಟಳು. ಒಲೆಯ ಮುಂದೆ ತಾಯಿ ಒಬ್ಬಳೇ. ನಾದಿನಿ ಸಹಾಯಕ್ಕೆಂದು ಬಂದು ಬಾಗಿಲಲ್ಲಿ ನಿಂತಳು. ಸಹಾಯ ಮಾಡುವವರು ಬಾಗಿಲಲ್ಲಿ ನಿಲ್ಲುವುದಿಲ್ಲ, ಅದು ಎಲ್ಲರಿಗೂ ಗೊತ್ತಿತ್ತು. ನಡುವೆ ಎರಡು ಸಲ ಪಾಯಸದ ರುಚಿ ನೋಡಲು ಒಳಗೆ ಬಂದಳು, ಕೈ ತೊಳೆದು ಒರೆಸಿಕೊಂಡು ಮತ್ತೆ ಬಾಗಿಲಿಗೆ ಹೋದಳು.

ಪಲ್ಯವಾಯಿತು, ಚಿತ್ರಾನ್ನವಾಯಿತು. ಒಂದು ಡ್ರಾಯರೂ ತಪ್ಪಲಿಲ್ಲ. ಕೊನೆಗೆ ಹುಳಿಗೆ ಒಗ್ಗರಣೆ ಬಾಕಿ. ಎಣ್ಣೆ ಕಾಯಿತು. ಒಗ್ಗರಣೆ ಯಾರಿಗೂ ಕಾಯುವುದಿಲ್ಲ, ಎಣ್ಣೆ ಹೊತ್ತುವ ಮೊದಲು ಸಾಸಿವೆ ಬೀಳಬೇಕು. ತಾಯಿ ಹೊರಳಿ ಕೈ ಚಾಚಿದಳು. ಸಾಸಿವೆಯ ಹಿಡಿಕೆ ಇರಬೇಕಾದ ಕಡೆ ಏನೂ ಇರಲಿಲ್ಲ. ಬರೀ ಬಿಳಿ. ಕೈ ಗಾಳಿಯಲ್ಲೇ ನಿಂತಿತು. ಮಗನೂ ಬಾಗಿಲಲ್ಲಿ ಅತ್ತೆಯ ಪಕ್ಕ ಬಂದು ನಿಂತು ನೋಡುತ್ತಿದ್ದ.

ಹಿಂದಿನ ಅವಳಾಗಿದ್ದರೆ ಯಾರಿಗೂ ಗೊತ್ತಾಗಬಾರದೆಂದು ಸುಮ್ಮನೆ ತಡಕಾಡಿ, ಕೈಗೆ ಸಿಕ್ಕಿದ ಡ್ರಾಯರನ್ನು ಎಳೆಯುತ್ತಿದ್ದಳು. ಈಗ ಅವಳಲ್ಲಿ ಮುಚ್ಚಿಡುವಂಥದು ಏನೂ ಉಳಿದಿರಲಿಲ್ಲ. ಮನೆಯೆಲ್ಲ ಕೇಳುವಂತೆ ಕೂಗಿದಳು.

"ಯಾರೇ ಅದು, ನನ್ನ ಸಾಸಿವೆ ಹ್ಯಾಂಡಲ್ ಮುಚ್ಚಿದೋರು?"

ಕೈ ಒರೆಸಿಕೊಂಡ ಬಿಳಿ ಬಟ್ಟೆಯನ್ನು ಆ ಹಿಡಿಕೆಗೆ ಸಿಕ್ಕಿಸಿದವಳು ನಾದಿನಿಯೇ. ಬೇಕೆಂದು ಮಾಡಿರಲಿಲ್ಲ. ಕೈ ಒರೆಸಿದ ಬಟ್ಟೆಯನ್ನು ಹತ್ತಿರ ಏನು ಸಿಕ್ಕಿದರೆ ಅದಕ್ಕೆ ಸಿಕ್ಕಿಸುವುದು ಅಡುಗೆಮನೆಯಲ್ಲಿ ಬೆಳೆದವರೆಲ್ಲರ ಚಾಳಿ. ಓಡಿಬಂದು ಬಟ್ಟೆ ಎಳೆದಳು. ಕಪ್ಪು ಹಿಡಿಕೆ ಕಂಡಿತು, ಡ್ರಾಯರು ತೆರೆಯಿತು, ಸಾಸಿವೆ ಬಿತ್ತು, ಚಟಪಟ ಸಿಡಿಯಿತು. ಹಿಂದೆಯೇ ಇಂಗು, ಕರಿಬೇವು. ಒಗ್ಗರಣೆಯನ್ನು ಹುಳಿಗೆ ಸುರಿದಾಗ ಚೊರ್ ಎಂದ ಸದ್ದು ಹೋಮದ ಮುಂದೆ ಕೂತಿದ್ದ ಪುರೋಹಿತರವರೆಗೂ ಕೇಳಿತು. ಗೆದ್ದಳು ಮಹಾತಾಯಿ! ಹೇಳುವಾಗ ನನಗೇ ಮೈ ಜುಂ ಎನ್ನುತ್ತದೆ.

ಅರವತ್ತು ಜನ ಉಂಡೆದ್ದರು. ಪಾತ್ರೆಯಲ್ಲಿ ಒಂದು ಸೌಟು ಹುಳಿಯೂ ಉಳಿಯಲಿಲ್ಲ. ಮಗ ಅಡುಗೆಯವರ ಮಾತೆತ್ತಲಿಲ್ಲ, ಅಂದಿಗೂ ಇಲ್ಲ, ಮುಂದೆಂದಿಗೂ ಇಲ್ಲ. ನಾದಿನಿ ಮೂರು ಸಲ ಹುಳಿ ಬಡಿಸಿಕೊಂಡಳು. ಕೈ ತೊಳೆದ ಮೇಲೆ ಅತ್ತಿಗೆಯನ್ನು ಮೂಲೆಗೆ ಕರೆದು ಮೆಲ್ಲಗೆ ಹೇಳಿದಳು.

"ನನಗೂ ಕಣ್ಣು ಸರಿಯಿಲ್ಲ ಅತ್ತಿಗೆ. ಸೊಂಟ ನೋವು ಅಂತ ಹೇಳಿ ಒಲೆ ಬಿಟ್ಟು ಆರು ವರ್ಷ ಆಯ್ತು. ಆ ಬಡಗೀನ ನಮ್ಮನೆಗೂ ಕಳಿಸ್ತೀರಾ?"

"ನಾಳೇನೇ ಕಳಿಸ್ತೀನಿ," ಎಂದಳು ತಾಯಿ.

ಗುರುಗಳು ಕತೆ ನಿಲ್ಲಿಸಿದರು. ಶಾಂತಯ್ಯ ತಲೆಯೆತ್ತದೆ ಹೇಳಿದ:

"ಗುರುಗಳೇ, ಎರಡು ತಿಂಗಳಿಂದ ನನಗೆ ಶ್ಲೋಕಗಳು ನಡುವೆ ಮರೆತುಹೋಗುತ್ತಿವೆ. ಈ ಮಠದಲ್ಲಿ ಇದುವರೆಗೆ ಯಾರೂ ಪುಸ್ತಕ ನೋಡಿಕೊಂಡು ಪಾಠ ಹೇಳಿದವರಿಲ್ಲ. ನಾನು ಪುಸ್ತಕ ಹಿಡಿದು ಕೂತರೆ ಮಕ್ಕಳು ಏನೆಂದುಕೊಂಡಾರು?"

"ಆ ಮಕ್ಕಳೇ ಮೊನ್ನೆ ನನ್ನ ಹತ್ತಿರ ಬಂದು, ನಮ್ಮ ಮೇಷ್ಟ್ರಿಗೆ ಒಂದು ಪುಸ್ತಕ ಕೊಡಿ ಎಂದು ಕೇಳಿಹೋದರು," ಎಂದರು ಗುರುಗಳು.